ಆಟೋ ಸಿಪ್ಯಾಪ್ ಯಂತ್ರದ ಬೆಂಚ್ ಪರೀಕ್ಷೆ: ಜೋಡಣೆಯಿಂದ ಫಲಿತಾಂಶದವರೆಗೆ ಹಂತ ಹಂತವಾಗಿ

ಉಸಿರಾಟವನ್ನು ನಕಲು ಮಾಡುವ ಪಂಪು ನಿಲ್ಲಿಸಿದರೆ ಒಂದು ಆಟೋ ಸಿಪ್ಯಾಪ್ ಯಂತ್ರ ಒತ್ತಡ ಏರಿಸುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಮರುದಿನ ಕೊಳವೆ ಬದಲಿಸಿ ನೋಡಿದರೆ ಎರಡೂ ತಿರುಗುಮುರುಗು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಆಪ್ನಿಯಾಕ್ಕೆ ಬಳಸುವ, ಮಾಸ್ಕಿನ ಮೂಲಕ ಕೊಡುವ ಗಾಳಿಯ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಸಿಪ್ಯಾಪ್‌ಗಳನ್ನು ಪ್ರಯೋಗಾಲಯದಲ್ಲಿ ಹೋಲಿಸಲು ಹೊರಟ ವಿದ್ಯಾರ್ಥಿಗಳೂ ಬಯೋಮೆಡಿಕಲ್ ಎಂಜಿನಿಯರುಗಳೂ ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲೇ. ಇಂಥ ಗೊಂದಲದಲ್ಲಿ ತಪ್ಪು ಹೆಚ್ಚಿನ ಸಲ ಯಂತ್ರದ್ದಲ್ಲ, ಬೆಂಚಿನದು, ಅಂದರೆ ಪರೀಕ್ಷೆಯ ಜೋಡಣೆಯದು. ಬೆಂಚಿನ ಮೇಲಿರುವ ಕೃತಕ ಗಂಟಲು ಮನುಷ್ಯನ ಗಂಟಲಿನಂತೆ ವರ್ತಿಸದಿದ್ದರೆ ಯಂತ್ರ ಸರಿಯಾದ ಉತ್ತರವನ್ನೇ ಕೊಡುತ್ತಿರುತ್ತದೆ, ನಾವು ಕೇಳಿದ ಪ್ರಶ್ನೆ ತಪ್ಪಾಗಿರುತ್ತದೆ.

ಮುಂದೆ ಬರುವ ಒತ್ತಡಗಳೆಲ್ಲ ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿವೆ. 1 ಸೆಂ.ಮೀ. ನೀರು ಎಂದರೆ ಸುಮಾರು 98 ಪಾಸ್ಕಲ್. ಆಟೋ ಸಿಪ್ಯಾಪ್‌ಗಳ ವ್ಯಾಪ್ತಿ ಸಾಮಾನ್ಯವಾಗಿ 4ರಿಂದ 20.

## ಬೇಕಾಗುವ ಸಾಮಾನು

ಕಂಪ್ಯೂಟರಿನಿಂದ ನಡೆಸಬಹುದಾದ ಶ್ವಾಸಕೋಶ ಸಿಮ್ಯುಲೇಟರ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಕನಿಷ್ಠ 1 ಲೀಟರ್ ಹೊಡೆತದ ಪಿಸ್ಟನ್ ಪಂಪು ಮತ್ತು ಅದನ್ನು ಬೇಕಾದ ಅಲೆಯ ಆಕಾರದಲ್ಲಿ ಓಡಿಸುವ ಮೋಟಾರು ಬೇಕು.

ಜೊತೆಗೆ ಬೇಕಾದವು: 0ರಿಂದ 50ರವರೆಗೆ ಅಳೆಯುವ, 0.1ರಷ್ಟು ನಿಖರತೆಯ ಎರಡು ಒತ್ತಡ ಸೆನ್ಸರ್, ಗಾಳಿಯ ಹರಿವನ್ನು ಎರಡೂ ದಿಕ್ಕಿನಲ್ಲಿ ನಿಮಿಷಕ್ಕೆ 150 ಲೀಟರ್‌ವರೆಗೆ ಅಳೆಯುವ ನ್ಯೂಮೋಟ್ಯಾಕ್, ಪರಿಶೀಲನೆಗೆ 3 ಲೀಟರ್ ಸಿರಿಂಜು, ನೀರಿನ ಯು ಕೊಳವೆ, ಕೊಳವೆಯನ್ನು ಚಿವುಟಿ ಮುಚ್ಚುವ ಪಿಂಚ್ ವಾಲ್ವ್, ತೆಳು ಲೇಟೆಕ್ಸಿನ ಪೆನ್ರೋಸ್ ಕೊಳವೆ ಮತ್ತು ಅದನ್ನು ಕೂರಿಸಲು ಗಾಳಿಯಾಡದ ಅಕ್ರಿಲಿಕ್ ಡಬ್ಬಿ, ಆ ಡಬ್ಬಿಗೆ ಪ್ರತ್ಯೇಕ ಗಾಳಿ ಮೂಲ ಮತ್ತು ರೆಗ್ಯುಲೇಟರ್, ಸೆಕೆಂಡಿಗೆ ಕನಿಷ್ಠ 200 ಮಾದರಿ ದಾಖಲಿಸುವ ಡೇಟಾ ಕಾರ್ಡು. ಗೊರಕೆಯನ್ನೂ ಪರೀಕ್ಷಿಸುವುದಾದರೆ 1000 ಮಾದರಿ.

ಇನ್ನೊಂದು ವಸ್ತು ಹೆಚ್ಚಿನವರ ಪಟ್ಟಿಯಲ್ಲೇ ಇರುವುದಿಲ್ಲ: 20 ಲೀಟರಿನ ಗಟ್ಟಿ ಪಾತ್ರೆ. ಗಾಜಿನದೋ ಸ್ಟೀಲಿನದೋ ಆದರೆ ಒಳ್ಳೆಯದು. ಮನೆಗೆ ಬರುವ ನೀರಿನ ಕ್ಯಾನೂ ನಡೆಯುತ್ತದೆ, ಆದರೆ ಅದರ ಗೋಡೆ ಕೊಂಚ ಉಬ್ಬುತ್ತದೆ ಎಂಬುದು ನೆನಪಿರಲಿ. ಅದು ಯಾಕೆ ಬೇಕು ಎನ್ನುವುದು 5ನೇ ಹಂತದಲ್ಲಿದೆ.

## ಹಂತ 1: ಭಾಗಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ

ಯಂತ್ರದಿಂದ ಹೊರಟು ಕ್ರಮ ಹೀಗಿರಲಿ: ಯಂತ್ರದ ಕೊಳವೆ, ಮಾಸ್ಕಿನ ಸೋರು ರಂಧ್ರ (ಬಿಟ್ಟ ಉಸಿರು ಹೊರಹೋಗುವ ತೂತು), ಒತ್ತಡ ಅಳೆಯುವ ತೂತು, ನ್ಯೂಮೋಟ್ಯಾಕ್, ಮೂಗಿನ ಬದಲಿಗೆ ಒಂದು ಪ್ರತಿರೋಧ, ಕುಸಿಯುವ ಲೇಟೆಕ್ಸ್ ಕೊಳವೆ ಅಥವಾ ಪಿಂಚ್ ವಾಲ್ವ್, 20 ಲೀಟರ್ ಪಾತ್ರೆ, ಕೊನೆಗೆ ಪಂಪು.

ಸೋರು ರಂಧ್ರ ಯಾವಾಗಲೂ ಯಂತ್ರದ ಕಡೆಗೇ ಇರಬೇಕು, ಗಂಟಲು ಮುಚ್ಚುವ ವಾಲ್ವ್ ಅದರಾಚೆ. ಈ ಎರಡು ಅದಲುಬದಲಾದರೆ ವಾಲ್ವ್ ಮುಚ್ಚಿದಾಗ ಸೋರಿಕೆಯೂ ನಿಂತುಹೋಗುತ್ತದೆ. ಮಾಸ್ಕ್ ತೊಟ್ಟ ಮನುಷ್ಯನಲ್ಲಿ ಹೀಗಾಗುವುದೇ ಇಲ್ಲ. ಕೊಳವೆ ಮಡಚಿಕೊಂಡಿದೆ ಎಂದೋ ರಂಧ್ರ ಕಟ್ಟಿದೆ ಎಂದೋ ತಿಳಿದು ಯಂತ್ರ ಎಚ್ಚರಿಕೆ ಕೊಟ್ಟು ನಿಲ್ಲಬಹುದು, ಇಲ್ಲವೇ ಆ ಘಟನೆಯನ್ನು ಲೆಕ್ಕಕ್ಕೇ ಹಿಡಿಯದಿರಬಹುದು.

ಸೋರು ರಂಧ್ರಕ್ಕೆ ನಿಜವಾದ ಮಾಸ್ಕಿನ ಮೊಣಕೈ ತುಂಡು ಬಳಸುವುದು ಸುಲಭ. ನೀವೇ ಮಾಡುವುದಾದರೆ 1 ಮಿ.ಮೀ. ದಪ್ಪದ ತಗಡಿನಲ್ಲಿ ಚೂಪು ಅಂಚಿನ 5 ಮಿ.ಮೀ. ತೂತು ಕೊರೆಯಿರಿ, 10ರ ಒತ್ತಡದಲ್ಲಿ ಅದರಿಂದ ನಿಮಿಷಕ್ಕೆ ಸುಮಾರು 30 ಲೀಟರ್ ಸೋರುತ್ತದೆ. ಒಳಬದಿಯ ಅಂಚು ದುಂಡಗಾದರೆ ಸೋರಿಕೆ ಕಾಲು ಭಾಗದಷ್ಟು ಹೆಚ್ಚಬಹುದು, ಹಾಗಾಗಿ ಉಜ್ಜುಕಾಗದ ಹಾಕಿ ನಯಗೊಳಿಸಲು ಹೋಗಬೇಡಿ. ಸೋರಿಕೆ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ: 5ರಲ್ಲಿ 30 ಲೀಟರಿನ ಅರ್ಧವಲ್ಲ, ಸುಮಾರು 21, 20ರಲ್ಲಿ ಸುಮಾರು 42. ಈ ಮೂರು ಅಂಕಿ ಸಿಗದಿದ್ದರೆ ಬೇರೆಲ್ಲೋ ಸೋರುತ್ತಿದೆ.

ಜೋಡಣೆ ಮುಗಿದ ಮೇಲೆ ಸೋರು ರಂಧ್ರ ಮುಚ್ಚಿ, ಇಡೀ ದಾರಿಯನ್ನು 20ರವರೆಗೆ ಒತ್ತಿ, ಗಾಳಿ ಮೂಲವನ್ನು ಬಿಗಿಯಾಗಿ ಮುಚ್ಚಿ. ಒಂದು ನಿಮಿಷದಲ್ಲಿ ಒತ್ತಡ ಎದ್ದು ಕಾಣುವಷ್ಟು ಇಳಿದರೆ ಸೋಪುನೀರು ಹಚ್ಚಿ ಕೀಲುಗಳನ್ನು ಹುಡುಕಿ.

## ಹಂತ 2: ಅಳತೆಯ ಉಪಕರಣಗಳನ್ನು ಮೊದಲು ಅಳೆಯಿರಿ

ಒತ್ತಡ ಸೆನ್ಸರನ್ನು ಯು ಕೊಳವೆಗೆ ಹೋಲಿಸಿ 0, 4, 10, 20ರಲ್ಲಿ ನೋಡಿ. ಯು ಕೊಳವೆಯಲ್ಲಿ ಎರಡು ಕಾಲುಗಳ ನೀರಿನ ಮಟ್ಟಗಳ ವ್ಯತ್ಯಾಸ ಓದಬೇಕು. ಒಂದೇ ಕಾಲಿನ ಏರಿಕೆ ಓದಿ, ‘ಸೆನ್ಸರ್ ದುಪ್ಪಟ್ಟು ತೋರಿಸುತ್ತಿದೆ’ ಎಂದು ವಾಪಸು ಕಳಿಸುವವರಿದ್ದಾರೆ. ಫಲಿತಾಂಶವನ್ನು ವರದಿಯಲ್ಲಿ ಬಳಸುವುದಿದ್ದರೆ ಸೆನ್ಸರಿಗೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದ ಕ್ಯಾಲಿಬ್ರೇಷನ್ ಪತ್ರ ಇರಲಿ.

ನ್ಯೂಮೋಟ್ಯಾಕ್ ಮೂಲಕ 3 ಲೀಟರ್ ಸಿರಿಂಜನ್ನು ನಿಧಾನ, ಮಧ್ಯಮ, ವೇಗ ಹೀಗೆ ಮೂರು ಬಗೆಯಲ್ಲಿ ಎರಡೂ ದಿಕ್ಕಿಗೆ ತಳ್ಳಿ. ಪ್ರತಿ ಸಲವೂ 3 ಲೀಟರ್ ಆಸುಪಾಸು ಬರಬೇಕು. ವೇಗವಾಗಿ ತಳ್ಳಿದಾಗ ಮಾತ್ರ ಹೆಚ್ಚು ಬಂದರೆ ನೀವು ಅದರ ಮಿತಿ ದಾಟಿದ್ದೀರಿ.

ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಶೇ. 10ರಷ್ಟು ತೆಳು. ಬಿಸಿ ತಂತಿಯ ಬಗೆಯ ಹರಿವು ಮಾಪಕ ಅಳೆಯುವುದು ಗಾಳಿಯ ದ್ರವ್ಯರಾಶಿಯನ್ನು. ತಿದ್ದುಪಡಿ ಮಾಡದಿದ್ದರೆ ಅದು ಬೆಂಗಳೂರಿನಲ್ಲಿ ಆ ಶೇ. 10ರಷ್ಟನ್ನು ಕಡಿಮೆಯೇ ತೋರಿಸುತ್ತದೆ. ಜಾಲರಿ ಅಥವಾ ಸಣ್ಣ ನಳಿಗೆಗಳ ನ್ಯೂಮೋಟ್ಯಾಕ್‌ಗೆ ಈ ಬಾಧೆ ಇಲ್ಲವೆನ್ನಬಹುದು. ಸೋರು ರಂಧ್ರದ್ದು ಇದಕ್ಕೆ ವಿರುದ್ಧ: ತೆಳು ಗಾಳಿ ಅದೇ ಒತ್ತಡಕ್ಕೆ ಶೇ. 5ರಷ್ಟು ಹೆಚ್ಚು ಹರಿಯುತ್ತದೆ. ಎರಡು ಊರಿನ ಫಲಿತಾಂಶ ಹೋಲಿಸುವಾಗ ಆ ದಿನದ ವಾಯುಭಾರ ಮತ್ತು ಕೋಣೆಯ ಉಷ್ಣತೆ ಬರೆದಿಟ್ಟಿರದಿದ್ದರೆ ಆಮೇಲೆ ಏನೂ ಮಾಡಲಾಗದು.

## ಹಂತ 3: ಯಂತ್ರದ ಸೆಟ್ಟಿಂಗ್ ಹೊಂದಿಸಿ

ಕನಿಷ್ಠ 4, ಗರಿಷ್ಠ 20. ಶುರುವಿನಲ್ಲಿ ಒತ್ತಡವನ್ನು ನಿಧಾನವಾಗಿ ಏರಿಸುವ ರ‍್ಯಾಂಪ್ ಬಂದ್. ಉಸಿರು ಬಿಡುವಾಗ ಒತ್ತಡ ಇಳಿಸುವ ಸೌಲಭ್ಯ ಬಂದ್. ಕೊಳವೆಯ ಬಗೆ ನೀವು ಜೋಡಿಸಿದ್ದಕ್ಕೆ ತಾಳೆಯಾಗಿರಲಿ, ಏಕೆಂದರೆ ಕೊಳವೆಯಲ್ಲಿ ನಷ್ಟವಾಗುವ ಒತ್ತಡವನ್ನು ಯಂತ್ರ ಆ ಸೆಟ್ಟಿಂಗ್ ನೋಡಿಯೇ ಸರಿದೂಗಿಸುತ್ತದೆ. ಮಾಸ್ಕಿನ ಬಗೆಯೂ ಹಾಗೆಯೇ.

ಹ್ಯುಮಿಡಿಫೈಯರ್ ಬಿಸಿ ಮಾಡುವುದನ್ನು ನಿಲ್ಲಿಸಿ, ಆದರೆ ಖಾಲಿ ತೊಟ್ಟಿಯನ್ನು ಅದರ ಜಾಗದಲ್ಲೇ ಇಡಿ; ತೆಗೆದರೆ ಕೆಲವು ಮಾದರಿಗಳಲ್ಲಿ ಗಾಳಿಯ ದಾರಿಯೇ ತೆರೆದುಕೊಳ್ಳುತ್ತದೆ. ತೇವ ನ್ಯೂಮೋಟ್ಯಾಕ್‌ಗೆ ಸೇರಿದರೆ ಶೂನ್ಯ ಅಲುಗಾಡಲು ಶುರುವಾಗುತ್ತದೆ.

ರ‍್ಯಾಂಪ್ ಮರೆತವರ ದಾಖಲೆಯಲ್ಲಿ ಯಂತ್ರ ಮೊದಲ 20-30 ನಿಮಿಷ ಯಾವುದಕ್ಕೂ ಜಗ್ಗದೆ ಕೂತಿರುವುದು ಕಾಣುತ್ತದೆ. ಮಾದರಿ, ಕ್ರಮಸಂಖ್ಯೆ, ಫರ್ಮ್‌ವೇರ್ ಆವೃತ್ತಿ ಮೂರನ್ನೂ ಬರೆದುಕೊಳ್ಳಿ. ಫರ್ಮ್‌ವೇರ್ ಬದಲಾದರೆ ಅದು ಬೇರೆ ಯಂತ್ರ ಎಂದೇ ಎಣಿಸಿ.

ಯಾರೋ ಬಳಸಿದ ಯಂತ್ರವಾದರೆ ಹೊರಬಾಯಿಗೆ ಬ್ಯಾಕ್ಟೀರಿಯಾ ಫಿಲ್ಟರ್ ಹಾಕಿ. ಅದರ ಪ್ರತಿರೋಧ ಎಲ್ಲ ಯಂತ್ರಗಳಿಗೂ ಸಮನಾಗಿರುವಂತೆ ಹೊಸ ಯಂತ್ರಗಳಿಗೂ ಹಾಕಿ. ಗಾಳಿ ದಾರಿಯಲ್ಲಿ ಕಪ್ಪು ಪುಡಿ ಕಂಡರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ತನ್ನ ಅನೇಕ ಮಾದರಿಗಳನ್ನು ಹಿಂದಕ್ಕೆ ಕರೆದದ್ದು ಒಳಗಿನ ಶಬ್ದ ತಡೆಯುವ ಫೋಮ್ ಪುಡಿಯಾಗುವ ಕಾರಣಕ್ಕೇ.

## ಹಂತ 4: ಒಂದೇ ಒತ್ತಡದಲ್ಲಿ ಓಡಿಸಿ ನೋಡಿ

ಆಟೋ ಮೋಡಿಗೆ ಹೋಗುವ ಮೊದಲು ಯಂತ್ರವನ್ನು ಮಾಮೂಲಿ ಸಿಪ್ಯಾಪ್ ಆಗಿ ಓಡಿಸಿ. 4, 8, 12, 16, 20ರಲ್ಲಿ ಉಸಿರಾಟವಿಲ್ಲದೆ ಐದೈದು ನಿಮಿಷ. ಮಾಸ್ಕ್ ಜಾಗದ ಒತ್ತಡ ಯಂತ್ರದ ಕೈಪಿಡಿ ಹೇಳುವ ಮಿತಿಯೊಳಗಿರಬೇಕು. ಅಳೆಯುವುದು ಮಾಸ್ಕ್ ಜಾಗದಲ್ಲಿ, ಯಂತ್ರದ ಬಾಯಲ್ಲಿ ಅಲ್ಲ.

ನಂತರ 500 ಮಿ.ಲೀ. ಉಸಿರನ್ನು ನಿಮಿಷಕ್ಕೆ 10, 15, 20ರಂತೆ ಕೊಟ್ಟು ಪ್ರತಿ ಉಸಿರಿನಲ್ಲೂ ಒತ್ತಡ ಎಷ್ಟು ತೂಗಾಡುತ್ತದೆ ನೋಡಿ. ಪಂಪು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಲೆಕ್ಕ ಸಾಕು: ಒಳ-ಹೊರ ಉಸಿರು ಸಮನಾಗಿರುವ ಸೈನ್ ಅಲೆಯಲ್ಲಿ 500 ಮಿ.ಲೀ., ನಿಮಿಷಕ್ಕೆ 15 ಆದರೆ ಹರಿವಿನ ಶಿಖರ ನಿಮಿಷಕ್ಕೆ 23.6 ಲೀಟರ್. ಅದಕ್ಕಿಂತ ಕಡಿಮೆ ಬಂದರೆ ಗಾಳಿ ಎಲ್ಲೋ ಹಿಗ್ಗುವ ಕೊಳವೆಯಲ್ಲಿ ಉಳಿದುಹೋಗುತ್ತಿದೆ. ಪಿಸ್ಟನ್ನಿನ ಹೊಡೆತವನ್ನಲ್ಲ, ನ್ಯೂಮೋಟ್ಯಾಕ್ ತೋರಿಸುವುದನ್ನು 500ಕ್ಕೆ ಹೊಂದಿಸಿ.

ಇಲ್ಲಿ ಸೋತ ಯಂತ್ರವನ್ನು ಮುಂದಿನ ಹಂತಕ್ಕೆ ಒಯ್ಯಬೇಡಿ.

## ಹಂತ 5: ಎರಡು ಬಗೆಯ ಆಪ್ನಿಯಾವನ್ನು ಬೇರೆ ಬೇರೆ ಮಾಡಿ

ಪ್ರಯೋಗಗಳು ಹೆಚ್ಚಾಗಿ ಹಳ್ಳ ಹಿಡಿಯುವ ಹಂತ ಇದು, ಹಾಗಾಗಿ ತುಸು ನಿಧಾನವಾಗಿ.

ಗಂಟಲು ಮುಚ್ಚಿಕೊಂಡು ಉಸಿರು ನಿಂತರೆ ಅಡಚಣೆಯ ಆಪ್ನಿಯಾ. ಯಂತ್ರ ಒತ್ತಡ ಏರಿಸಬೇಕು. ಗಂಟಲು ತೆರೆದೇ ಇದ್ದು ಮೆದುಳಿನಿಂದ ಆಜ್ಞೆ ಬಾರದೆ ನಿಂತರೆ ಸೆಂಟ್ರಲ್ ಆಪ್ನಿಯಾ, ಏರಿಸಬಾರದು. ಎರಡರಲ್ಲೂ ಹರಿವು ಶೂನ್ಯವೇ. ವ್ಯತ್ಯಾಸ ತಿಳಿಯಲು ಯಂತ್ರ ತಾನಾಗಿ ಗಾಳಿಯನ್ನು ಕೊಂಚ ಅಲುಗಿಸಿ ನೋಡುತ್ತದೆ. ರೆಸ್‌ಮೆಡ್ ಯಂತ್ರಗಳು ಸೆಕೆಂಡಿಗೆ 4 ಸಲದಂತೆ ಸುಮಾರು 1 ಸೆಂ.ಮೀ.ನಷ್ಟು ಒತ್ತಡವನ್ನು ತೂಗಿಸುತ್ತವೆ. ಫಿಲಿಪ್ಸ್ ಯಂತ್ರಗಳು ಬಿಡಿ ಬಿಡಿ ಒತ್ತಡದ ತಳ್ಳು ಕೊಡುತ್ತವೆ. ತಳ್ಳಿದ ಗಾಳಿ ಒಳಕ್ಕೆ ಹೋದರೆ ದಾರಿ ತೆರೆದಿದೆ, ಹೋಗದಿದ್ದರೆ ಮುಚ್ಚಿದೆ.

ಈಗ ಪಿಸ್ಟನ್ ನಿಲ್ಲಿಸಿ ‘ಸೆಂಟ್ರಲ್ ಆಪ್ನಿಯಾ’ ಮಾಡಿದೆವು ಎಂದುಕೊಳ್ಳಿ. ಸಿಲಿಂಡರಿನಲ್ಲಿ ಉಳಿದದ್ದು ಅರ್ಧ ಲೀಟರ್ ಗಾಳಿ, ಸುತ್ತ ಗಟ್ಟಿ ಗೋಡೆ. ಆ ಗಾಳಿ 1 ಸೆಂ.ಮೀ. ಒತ್ತಡಕ್ಕೆ ಕುಗ್ಗುವುದು ಬರಿ ಅರ್ಧ ಮಿಲಿಲೀಟರಿನಷ್ಟು. ಸೆಕೆಂಡಿಗೆ 4ರ ತೂಗಾಟಕ್ಕೆ ಅದು ಒಡ್ಡುವ ತಡೆ, ಹರಿವಿನ ಪ್ರತಿ ಲೀಟರ್/ಸೆಕೆಂಡಿಗೆ 80 ಸೆಂ.ಮೀ.ಗೂ ಹೆಚ್ಚು. ತೆರೆದ ಗಂಟಲಿನ ಮನುಷ್ಯನಲ್ಲಿ ಇದು ಕೆಲವೇ ಸೆಂ.ಮೀ. ಯಂತ್ರದ ಪಾಲಿಗೆ ನಿಮ್ಮ ನಿಂತ ಪಿಸ್ಟನ್ ಎಂದರೆ ಮುಚ್ಚಿದ ಬಾಗಿಲು. ಅದು ಒತ್ತಡ ಏರಿಸುತ್ತದೆ, ನೀವು ‘ಸೆಂಟ್ರಲ್ ಗುರುತಿಸಲು ಬಾರದ ಯಂತ್ರ’ ಎಂದು ಬರೆಯುತ್ತೀರಿ.

20 ಲೀಟರ್ ಪಾತ್ರೆ ಪರಿಹಾರವಾಗುವುದು ಇಲ್ಲಿ. ಅದರ ಗಾಳಿ 1 ಸೆಂ.ಮೀ.ಗೆ ಸುಮಾರು 19 ಮಿ.ಲೀ. ಕುಗ್ಗುತ್ತದೆ; ತಡೆ 2-3ಕ್ಕೆ ಇಳಿಯುತ್ತದೆ. ಒಳಗೆ ತಾಮ್ರದ ನಾರು ಸಡಿಲವಾಗಿ ತುಂಬಿದರೆ ಕುಗ್ಗುವಾಗ ಹುಟ್ಟುವ ಬಿಸಿಯನ್ನು ಅದು ಹೀರುವುದರಿಂದ ಈ ಲೆಕ್ಕ ಹೆಚ್ಚು ನಿಜವಾಗುತ್ತದೆ. ಪಾತ್ರೆಗೆ ಹೋಗುವ ಕೊಳವೆ ಅಗಲವಾಗಿ, ಗಿಡ್ಡವಾಗಿ ಇರಲಿ. ಸಣ್ಣ ನಳಿಗೆ ಹಾಕಿದರೆ ಪಾತ್ರೆ ಇದ್ದೂ ಇಲ್ಲದಂತೆ.

ಅಡಚಣೆಯ ಆಪ್ನಿಯಾಕ್ಕೆ ಪಿಂಚ್ ವಾಲ್ವ್ ಮುಚ್ಚಿ, ಪಂಪು ಆಚೆ ಕಡೆ ಓಡುತ್ತಲೇ ಇರಲಿ. ಪಾತ್ರೆ ಇಲ್ಲದೆ ಇದನ್ನು ಮಾಡಿದರೆ ಅರ್ಧ ಲೀಟರ್ ಜಾಗದಲ್ಲಿ ಅರ್ಧ ಲೀಟರ್ ಹೊಡೆತ ನೂರಾರು ಸೆಂ.ಮೀ. ಒತ್ತಡ ಎಬ್ಬಿಸಿ ಸೆನ್ಸರ್ ಸುಟ್ಟುಕೊಳ್ಳುತ್ತೀರಿ. ಪಾತ್ರೆ ಇದ್ದರೆ 26ರ ಆಸುಪಾಸಿನ ತೂಗಾಟವಷ್ಟೇ. ಉಸಿರು ಸಿಗದ ಮನುಷ್ಯ ಎದೆಯೊಳಗೆ ಎಳೆಯುವ ಒತ್ತಡವೂ ಇಂಥದ್ದೇ.

ವಾಲ್ವನ್ನು ಉಸಿರು ಬಿಟ್ಟು ಮುಗಿದ ಕ್ಷಣದಲ್ಲಿ, ಸುಮಾರು 0.2 ಸೆಕೆಂಡಿನಲ್ಲಿ ಮುಚ್ಚಿ. ಪಟ್ಟನೆ ಹೊಡೆದುಕೊಂಡರೆ ಹುಟ್ಟುವ ಒತ್ತಡದ ಟಿಕ್ ಅನ್ನು ಕೆಲವು ಯಂತ್ರಗಳು ಗೊರಕೆ ಎಂದು ದಾಖಲಿಸುತ್ತವೆ.

ಕ್ರಮ: 15 ನಿಮಿಷ ಸಹಜ ಉಸಿರಾಟ, ಆಮೇಲೆ 20 ಸೆಕೆಂಡ್ ನಿಲುಗಡೆ, 40 ಸೆಕೆಂಡ್ ಉಸಿರಾಟ, ಹೀಗೆ 30 ನಿಮಿಷ, ಮತ್ತೆ 30 ನಿಮಿಷ ಸಹಜ. ಮೊದಲ 15 ನಿಮಿಷ ಕಡಿತ ಮಾಡಬೇಡಿ. ಯಂತ್ರ ಪ್ರತಿ ಉಸಿರನ್ನೂ ಹಿಂದಿನ ಕೆಲವು ನಿಮಿಷಗಳ ಸರಾಸರಿಗೆ ಹೋಲಿಸುವುದರಿಂದ ಸರಾಸರಿಯೇ ಇಲ್ಲದಿದ್ದರೆ ಕುಸಿತವೂ ಇಲ್ಲ. ಆಪ್ನಿಯಾ ಎಂದು ಎಣಿಸಲು ಬೇಕಾದ 10 ಸೆಕೆಂಡಿನ ಅಂಚಿನಲ್ಲಿರುವ ನಿಲುಗಡೆಗಳನ್ನೂ ಕೊಡಬೇಡಿ. ಒಂದು ಯಂತ್ರ ಎಣಿಸುತ್ತದೆ, ಇನ್ನೊಂದು ಬಿಡುತ್ತದೆ, ಅದರಿಂದ ತಿಳಿಯುವುದೇನೂ ಇಲ್ಲ.

## ಹಂತ 6: ಕುಸಿಯುವ ಗಂಟಲು ಕೂರಿಸಿ

5ನೇ ಹಂತದಲ್ಲಿ ಯಂತ್ರ ಎಷ್ಟು ಏರಿಸಿದರೂ ವಾಲ್ವ್ ತೆರೆಯುವುದಿಲ್ಲ. ಅದು ಯಂತ್ರದ ಗುರುತಿಸುವ ಶಕ್ತಿಯ ಪರೀಕ್ಷೆ ಮಾತ್ರ. ಚಿಕಿತ್ಸೆ ಮುಟ್ಟುತ್ತದೆಯೇ ಎಂದು ತಿಳಿಯಲು ಒತ್ತಡ ಏರಿದಾಗ ತೆರೆದುಕೊಳ್ಳುವ ಗಂಟಲು ಬೇಕು. ಲೇಟೆಕ್ಸ್ ಕೊಳವೆಯನ್ನು ಡಬ್ಬಿಯೊಳಗೆ ಎರಡು ಗಟ್ಟಿ ನಳಿಗೆಗಳ ನಡುವೆ, ಸುಕ್ಕು ಹೋಗುವಷ್ಟು ಮಾತ್ರ ಎಳೆದು ಕಟ್ಟಿ. ಡಬ್ಬಿಯ ಗಾಳಿಯ ಒತ್ತಡವೇ ಗಂಟಲು ಮುಚ್ಚುವ ಒತ್ತಡ.

ಡಬ್ಬಿ ಸಣ್ಣದಾದರೆ ಕೊಳವೆ ಉಬ್ಬಿದಾಗಲೆಲ್ಲ ಡಬ್ಬಿಯ ಒತ್ತಡವೂ ಏರಿ ಗುರಿ ಓಡಾಡತೊಡಗುತ್ತದೆ. ಡಬ್ಬಿಗೆ ಎರಡನೇ ಒತ್ತಡ ಸೆನ್ಸರ್ ಕೂರಿಸಿ, ಉಸಿರಿನೊಂದಿಗೆ 0.3ಕ್ಕಿಂತ ಹೆಚ್ಚು ತೂಗಾಡಿದರೆ ಡಬ್ಬಿಗೊಂದು ಹೆಚ್ಚುವರಿ ಬಾಟಲಿ ಜೋಡಿಸಿ.

ಮೂಗಿನ ಪ್ರತಿರೋಧ ಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಡಬ್ಬಿ 10ರಲ್ಲಿದೆ, ಪ್ರತಿರೋಧ 5 ಸೆಂ.ಮೀ. ಪ್ರತಿ ಲೀಟರ್/ಸೆಕೆಂಡಿಗೆ ಎನ್ನೋಣ. ಯಂತ್ರ 10 ಕೊಟ್ಟರೆ ಹರಿವಿಲ್ಲ. 11 ಕೊಟ್ಟರೆ ಹೆಚ್ಚೆಂದರೆ ನಿಮಿಷಕ್ಕೆ 12 ಲೀಟರ್, ಅಂದರೆ ಒಳ ಉಸಿರಿನ ತಲೆ ಚಪ್ಪಟೆ. 12 ಕೊಟ್ಟರೆ 24 ಲೀಟರ್, 23.6ರ ಶಿಖರ ಪೂರ್ತಿ ಹೊರಬರುತ್ತದೆ. ಆಪ್ನಿಯಾದಿಂದ ಹೈಪಾಪ್ನಿಯಾ (ಹರಿವು ಪೂರ್ತಿ ನಿಲ್ಲದೆ ತಗ್ಗುವುದು), ಅಲ್ಲಿಂದ ಚಪ್ಪಟೆ ಉಸಿರು, ಕೊನೆಗೆ ಸಹಜ ಉಸಿರು ಎಂಬ ಇಡೀ ಮೆಟ್ಟಿಲು 2 ಸೆಂ.ಮೀ. ಅಗಲದಲ್ಲಿ ಸಿಗುತ್ತದೆ. ಪ್ರತಿರೋಧ 1 ಆದರೆ ಆ ಮೆಟ್ಟಿಲು 0.4ಕ್ಕೆ ಕುಗ್ಗಿ, ಯಂತ್ರಕ್ಕೆ ಮುಚ್ಚಿದ್ದು ಇಲ್ಲವೇ ತೆರೆದದ್ದು ಎರಡೇ ಕಾಣುತ್ತವೆ. ಚಪ್ಪಟೆ ಉಸಿರು ನೋಡಿ ಮೊದಲೇ ಏರಿಸುವ ಜಾಣ ಯಂತ್ರಕ್ಕೂ ಆಪ್ನಿಯಾ ಎಣಿಸಿ ಏರಿಸುವ ಮೊದ್ದು ಯಂತ್ರಕ್ಕೂ ಆಗ ವ್ಯತ್ಯಾಸ ಉಳಿಯದು.

ಡಬ್ಬಿಯನ್ನು 10ರಲ್ಲೇ ಹಿಡಿದಿಡಬೇಡಿ. ನಿಜವಾದ ರೋಗಿ ಅರೆಎಚ್ಚರವಾಗಿ ಗಂಟಲು ಬಿಗಿದು ಉಸಿರೆಳೆದುಕೊಳ್ಳುತ್ತಾನೆ. 25 ಸೆಕೆಂಡ್ 10, ನಂತರ 25 ಸೆಕೆಂಡ್ 0, ಹೀಗೆ ತಿರುಗಿಸಿ. ಡಬ್ಬಿ ಏರಿದ ಮೊದಲ ಒಂದೆರಡು ಉಸಿರಲ್ಲಿ ಗಾಳಿ ಹೊರಗೆ ಮಾತ್ರ ಬಂದು, ಆಮೇಲೆ ಎರಡೂ ನಿಲ್ಲುವುದು ಸಹಜವೇ.

ಪ್ರತಿ ಬೆಳಿಗ್ಗೆ ಮೊದಲ ಕೆಲಸವಾಗಿ ಡಬ್ಬಿ 10ರಲ್ಲಿಟ್ಟು ಯಂತ್ರದ ಕಡೆಯ ಒತ್ತಡವನ್ನು ಮೆಲ್ಲಗೆ ಏರಿಸಿ ಎಲ್ಲಿ ಹರಿವು ಶುರುವಾಗುತ್ತದೆ ಎಂದು ಬರೆಯಿರಿ. ಹಿಂದಿನ ದಿನಕ್ಕಿಂತ 1 ಸೆಂ.ಮೀ. ಮೇಲೆ ಹೋದರೆ ಲೇಟೆಕ್ಸಿನ ಒಳಗೋಡೆ ಅಂಟಿಕೊಳ್ಳುತ್ತಿದೆ. ಒರೆಸಿ ಒಣಗಿಸಲು ಹೋಗದೆ ಕೊಳವೆಯನ್ನೇ ಬದಲಿಸಿ.

## ಹಂತ 7: ಗೊರಕೆ ಮತ್ತು ದೊಡ್ಡ ಸೋರಿಕೆ

ಗೊರಕೆಗೆ ಮುಚ್ಚಿದ ಡಬ್ಬಿಯ ಸ್ಪೀಕರನ್ನು ಮಾಸ್ಕ್ ಜಾಗಕ್ಕೆ ಕವಲಾಗಿ ಜೋಡಿಸಿ, ಒಳ ಉಸಿರಿನ ಹೊತ್ತಿಗೆ ಮಾತ್ರ 50ರಿಂದ 100 ಹರ್ಟ್ಸ್ ಕೊಡಿ. ಸಣ್ಣ ಸದ್ದಿನಿಂದ ಶುರುಮಾಡಿ ಯಂತ್ರ ಗುರುತಿಸುವವರೆಗೆ ಏರಿಸಿ. ಆ ಹೊಸ್ತಿಲೇ ಫಲಿತಾಂಶ. ಲೇಟೆಕ್ಸ್ ಕೊಳವೆ ತಾನೇ ಪಟಪಟಿಸಿ ಗೊರಕೆ ಹೊಡೆಯುವುದೂ ಉಂಟು, ಹಾಗಾಗಿ ಈ ಹಂತದಲ್ಲಿ ಅದನ್ನು ಬಿಚ್ಚಿಡಿ.

ದೊಡ್ಡ ಸೋರಿಕೆಗೆ ಮಾಸ್ಕ್ ಜಾಗದಲ್ಲಿ ಇನ್ನೊಂದು ವಾಲ್ವ್ ತೆರೆದು ನಿಮಿಷಕ್ಕೆ 30-40 ಲೀಟರ್ ಹೆಚ್ಚುವರಿ ಬಿಡಿ. ಅದರ ನಡುವೆಯೇ ಆಪ್ನಿಯಾ ಕೊಡಿ. ಸೋರಿಕೆಯನ್ನೇ ಉಸಿರೆಂದು ತಿಳಿದು ಒತ್ತಡ ಏರಿಸುತ್ತ ಹೋಗುವ ಯಂತ್ರ ಇಲ್ಲಿ ಸಿಕ್ಕಿಬೀಳುತ್ತದೆ.

## ಹಂತ 8: ದಾಖಲೆ ಹೊಂದಿಸಿ ಓದುವುದು

ಯಂತ್ರದ ಗಡಿಯಾರಕ್ಕೂ ನಿಮ್ಮ ಕಂಪ್ಯೂಟರಿಗೂ ಒಂದೆರಡು ನಿಮಿಷ ವ್ಯತ್ಯಾಸ ಇದ್ದೇ ಇರುತ್ತದೆ. ಶುರುವಿನಲ್ಲಿ ಮೂರು ದೊಡ್ಡ ಉಸಿರು ಕೊಟ್ಟು ಗುರುತು ಮಾಡಿ. ಯಂತ್ರದ ಎಸ್‌ಡಿ ಕಾರ್ಡನ್ನು ಆಸ್ಕರ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಆ ಮೂರು ಉಸಿರನ್ನು ನಿಮ್ಮ ನ್ಯೂಮೋಟ್ಯಾಕ್ ಗೆರೆಯ ಮೇಲೆ ಕೂರಿಸಿ.

ನಿಜವಾದ ಘಟನೆಗಳ ಪಟ್ಟಿ ವಾಲ್ವಿಗೆ ಹೋದ ಆಜ್ಞೆಗಳಿಂದ ಬರಲಿ, ಯಂತ್ರದ ವರದಿಯಿಂದಲ್ಲ. ಯಂತ್ರದ ಎಣಿಕೆ ನಿಮ್ಮದಕ್ಕೆ ಹೊಂದದಿದ್ದರೆ ಮೊದಲು ವ್ಯಾಖ್ಯೆ ನೋಡಿ: ನಿದ್ರಾ ಪ್ರಯೋಗಾಲಯದಲ್ಲಿ ಹೈಪಾಪ್ನಿಯಾ ಎಣಿಸಲು ರಕ್ತದ ಆಮ್ಲಜನಕ ಇಳಿದಿರಬೇಕು ಅಥವಾ ನಿದ್ದೆ ಮುರಿದಿರಬೇಕು, ಯಂತ್ರಕ್ಕೆ ಎರಡೂ ಕಾಣುವುದಿಲ್ಲ, ಹರಿವು ಎಷ್ಟು ಇಳಿದರೆ ಎಣಿಸಬೇಕು ಎನ್ನುವುದು ತಯಾರಕರಿಂದ ತಯಾರಕರಿಗೆ ಬೇರೆ.

ಪ್ರತಿ ಓಟದಿಂದ ಐದು ಅಂಕಿ ತೆಗೆಯಿರಿ: ಮೊದಲ ಘಟನೆಯಿಂದ ಒತ್ತಡ ಏರಲು ಹಿಡಿದ ಹೊತ್ತು, ನಿಂತ ಒತ್ತಡ, ಆಗಲೂ ಉಳಿದ ಘಟನೆಗಳು, ಅನಗತ್ಯವಾಗಿ ಮೀರಿದ ಒತ್ತಡ, ಘಟನೆ ನಿಂತ ಮೇಲೆ ಇಳಿದ ವೇಗ. ಒಂದೇ ಮಾದರಿಯ ಎರಡು ಯಂತ್ರ, ಪ್ರತಿಯೊಂದಕ್ಕೂ ಮೂರು ಓಟ, ಓಟಗಳ ಕ್ರಮ ಕಲಸಿ. ನಡುವೆ ವಿದ್ಯುತ್ ತೆಗೆದು ಹಾಕಿ, ಹಿಂದಿನ ಓಟದ ನೆನಪು ಉಳಿಯದಿರಲಿ.

ಒಂದೇ ಉಸಿರಾಟದ ಮಾದರಿಗೆ ಬೇರೆ ಬೇರೆ ತಯಾರಕರ ಯಂತ್ರಗಳು ತೀರ ಬೇರೆಯಾಗಿ ವರ್ತಿಸುತ್ತವೆ ಎಂದು ಬಾರ್ಸಿಲೋನಾದ ರಮೋನ್ ಫಾರೆ ತಂಡ 2002ರಲ್ಲೇ ತೋರಿಸಿತ್ತು. ಆದ್ದರಿಂದ ಎರಡು ಮಾದರಿಗಳ ನಡುವಿನ ಅಂತರ ಕಂಡು ಗಾಬರಿ ಬೇಡ. ಒಂದೇ ಯಂತ್ರದ ಮೂರು ಓಟಗಳ ನಡುವೆ 1 ಸೆಂ.ಮೀ.ಗಿಂತ ಹೆಚ್ಚು ಅಂತರ ಕಂಡರೆ ಗಾಬರಿಯಾಗಿ, ಬೆಂಚಿನ ಸೋರಿಕೆ ಪರೀಕ್ಷೆಗೆ ಮರಳಿ.

## ಕಂಡ ಕೂಡಲೇ ನಿಲ್ಲಿಸಬೇಕಾದ ಲಕ್ಷಣಗಳು

ಸಹಜ ಉಸಿರಾಟದ ಮೊದಲ 15 ನಿಮಿಷದಲ್ಲೇ ಒತ್ತಡ ಏರುತ್ತಿದ್ದರೆ ಪಂಪಿನ ಅಲೆಯಲ್ಲಿ ಕಂಪನವಿದೆ ಅಥವಾ ಅದರ ತಲೆ ಚಪ್ಪಟೆಯಾಗಿದೆ. ಮೋಟಾರಿನ ನಡುಕವನ್ನು ಯಂತ್ರ ಗೊರಕೆ ಎಂದುಕೊಳ್ಳುತ್ತಿರಬಹುದು.

ಯಂತ್ರ ವರದಿ ಮಾಡುವ ಸೋರಿಕೆ ಒತ್ತಡದೊಂದಿಗೆ ನೇರ ಗೆರೆಯಲ್ಲಿ ಏರಿದರೆ ಮಾಸ್ಕಿನ ಬಗೆ ತಪ್ಪಾಗಿರಬಹುದು, ಇಲ್ಲವೇ ಲೇಟೆಕ್ಸಿನಲ್ಲಿ ಸೂಜಿಮೊನೆಯ ತೂತಿರಬಹುದು. ತೂತಿದ್ದರೆ ಡಬ್ಬಿಯ ರೆಗ್ಯುಲೇಟರ್ ಬಿಡುವಿಲ್ಲದೆ ಗಾಳಿ ಊದುತ್ತಿರುವ ಸದ್ದು ಕೇಳುತ್ತದೆ.

ರೆಸ್‌ಮೆಡ್ ಯಂತ್ರದಲ್ಲಿ ಆಪ್ನಿಯಾದ ನಡುವೆ ಇರಬೇಕಾದ ಸೆಕೆಂಡಿಗೆ 4ರ ತೂಗಾಟ ನಿಮ್ಮ ಗೆರೆಯಲ್ಲಿ ಕಾಣದಿದ್ದರೆ ಡೇಟಾ ಕಾರ್ಡಿನ ಫಿಲ್ಟರ್ ಅದನ್ನು ಅಳಿಸಿದೆ. ಮಿತಿಯನ್ನು 20 ಹರ್ಟ್ಸ್‌ಗಿಂತ ಮೇಲಕ್ಕೆ ಏರಿಸಿ.

ಬೆಂಚ್ ಅಂಕಿಗಳನ್ನು ನೋಡಿ ಯಾರದೇ ಮನೆಯ ಯಂತ್ರದ ಒತ್ತಡ ಬದಲಿಸಬೇಡಿ, ಅದು ನಿದ್ರಾತಜ್ಞರ ಕೆಲಸ. ‘ಸ್ವಲ್ಪ ಉಸಿರಾಡಿ ನೋಡೋಣ’ ಎಂದು ಈ ಕೊಳವೆಗೆ ಯಾರೂ ಬಾಯಿ ಇಡಕೂಡದು: ಸೋರು ರಂಧ್ರ ಮುಚ್ಚಿದ್ದು ಮರೆತಿದ್ದರೆ ಬಿಟ್ಟ ಇಂಗಾಲದ ಡೈಆಕ್ಸೈಡೇ ಮರಳಿ ಒಳಹೋಗುತ್ತದೆ.